ಒಂದೇ ತಂತಿಯೊಳಗೆ ಎರಡು ದಾರಿ: ಸಮಾಂತರ ಜೋಡಣೆಯ ಪಾಠದಿಂದ ದೈತ್ಯ ಕಾಂತರೋಧದವರೆಗೆ

ತರಗತಿ: 10
ವಿಷಯ: ವಿಜ್ಞಾನ
ಘಟಕ: ವಿದ್ಯುಚ್ಛಕ್ತಿ (ರೋಧಕಗಳ ಸರಣಿ ಮತ್ತು ಸಮಾಂತರ ಜೋಡಣೆ ಮುಗಿದ ನಂತರ)
ಅವಧಿ: 40 ನಿಮಿಷಗಳ ಎರಡು ಪಾಠ

ಪೀಠಿಕೆ

ವಾಹಕದ ರೋಧ ಯಾವ ಯಾವ ಅಂಶಗಳನ್ನು ಅವಲಂಬಿಸಿದೆ ಎಂದು ಹತ್ತನೆಯ ತರಗತಿಯ ಮಕ್ಕಳನ್ನು ಕೇಳಿದರೆ ಉತ್ತರ ಸಾಲಾಗಿ ಬರುತ್ತದೆ: ಉದ್ದ, ಅಡ್ಡಕೊಯ್ತದ ವಿಸ್ತೀರ್ಣ, ವಸ್ತುವಿನ ಸ್ವಭಾವ, ತಾಪ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಈ ನಾಲ್ಕನ್ನೂ ಬದಲಿಸದೆ, ಒಳಗಿನ ಎರಡು ಕಾಂತೀಯ ಪದರಗಳ ದಿಕ್ಕನ್ನು ಮಾತ್ರ ಬದಲಿಸಿದರೂ ರೋಧ ಬದಲಾಗುವ ರಚನೆಗಳಿವೆ. ಇದನ್ನು ದೈತ್ಯ ಕಾಂತರೋಧ ಎನ್ನುತ್ತಾರೆ. ಜೈಂಟ್ ಮ್ಯಾಗ್ನೆಟೋರೆಸಿಸ್ಟೆನ್ಸ್, ಚಿಕ್ಕದಾಗಿ ಜಿಎಂಆರ್ ಎಂಬುದು ಇದರ ರೂಢಿಯ ಹೆಸರು. 1988ರಲ್ಲಿ ಫ್ರಾನ್ಸಿನ ಆಲ್ಬರ್ಟ್ ಫೆರ್ಟ್ ತಂಡ ಮತ್ತು ಜರ್ಮನಿಯ ಪೀಟರ್ ಗ್ರುನ್‌ಬರ್ಗ್ ತಂಡ ಇದನ್ನು ಬೇರೆ ಬೇರೆಯಾಗಿ ಕಂಡುಕೊಂಡವು. 2007ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಇಬ್ಬರಿಗೂ ಸಂದಿತು.

ಇದು ಪಠ್ಯದಲ್ಲಿಲ್ಲದ ವಿಷಯ. ಬೋಧನಾಭ್ಯಾಸದಲ್ಲಿ ಸಿಗುವ ಕೆಲವೇ ಅವಧಿಗಳಲ್ಲಿ ಪಠ್ಯದಾಚೆ ಹೋಗುವುದು ಸರಿಯೇ ಎಂಬ ಪ್ರಶ್ನೆ ಸಹಜ. ಈ ಲೇಖನದ ಉತ್ತರ ಹೀಗಿದೆ: ಜಿಎಂಆರ್‌ನ ಮೂಲ ಲೆಕ್ಕಕ್ಕೆ ಬೇಕಾದ ಗಣಿತವನ್ನೆಲ್ಲ ಮಕ್ಕಳು ಸರಣಿ ಮತ್ತು ಸಮಾಂತರ ಜೋಡಣೆಯಲ್ಲಿ ಆಗಲೇ ಕಲಿತಿರುತ್ತಾರೆ. ಹೊಸ ಸೂತ್ರ ಒಂದೂ ಬೇಡ. ನಾಲ್ಕು ರೋಧಕಗಳು, ಎರಡು ರಟ್ಟು, ಒಂದು ಮಲ್ಟಿಮೀಟರ್ ಇದ್ದರೆ, ನೊಬೆಲ್ ಪಡೆದ ಶೋಧವೊಂದರ ತಿರುಳನ್ನು ಮಗು ತಾನೇ ಅಳೆದು ನೋಡಬಹುದು.

ಕಲಿಕಾ ಫಲಗಳು

1. ಸರಣಿ ಮತ್ತು ಸಮಾಂತರ ಜೋಡಣೆಗಳು ಕೂಡಿರುವ ಮಂಡಲದ ಒಟ್ಟು ರೋಧವನ್ನು ಲೆಕ್ಕ ಹಾಕುವರು.
2. ಕಾಂತೀಯ ಪದರಗಳ ದಿಕ್ಕು ಒಂದೇ ಆದಾಗ ಮತ್ತು ವಿರುದ್ಧವಾದಾಗ ರೋಧ ಏಕೆ ಬೇರೆಯಾಗುತ್ತದೆ ಎಂಬುದನ್ನು ಎರಡು ದಾರಿಯ ಮಾದರಿಯಿಂದ ವಿವರಿಸುವರು.
3. ಈ ಪರಿಣಾಮಕ್ಕೆ ಪದರಗಳು ನ್ಯಾನೋಮೀಟರ್ ಮಟ್ಟದಲ್ಲಿ ತೆಳುವಾಗಿರಬೇಕು ಏಕೆ ಎಂಬುದನ್ನು ಪ್ರಯೋಗದ ಆಧಾರದಿಂದ ಹೇಳುವರು.
4. ಮಾದರಿಗೂ ನಿಜವಾದ ವಸ್ತುವಿಗೂ ಇರುವ ವ್ಯತ್ಯಾಸವನ್ನು ಗುರುತಿಸುವರು.

ಶಿಕ್ಷಕರಿಗೆ ಬೇಕಾದ ಹಿನ್ನೆಲೆ

ಇಲೆಕ್ಟ್ರಾನಿಗೆ ದ್ರವ್ಯರಾಶಿ, ವಿದ್ಯುದಾವೇಶಗಳ ಜೊತೆಗೆ ಸ್ಪಿನ್ ಎಂಬ ಗುಣವೂ ಇದೆ. ಕನ್ನಡದಲ್ಲಿ ಇದನ್ನು ಗಿರಕಿ ಎಂದೂ ಕರೆಯುತ್ತಾರೆ. ಸ್ಪಿನ್‌ನಿಂದಾಗಿ ಪ್ರತಿ ಇಲೆಕ್ಟ್ರಾನ್ ಒಂದು ಅತಿ ಸಣ್ಣ ಕಾಂತದಂತೆ ವರ್ತಿಸುತ್ತದೆ. ಯಾವುದಾದರೂ ಒಂದು ದಿಕ್ಕನ್ನು ಆಯ್ದು ಅಳೆದರೆ ಎರಡೇ ಫಲಿತಾಂಶ ಸಿಗುತ್ತವೆ: ಆ ದಿಕ್ಕಿಗೆ ಅಥವಾ ಅದಕ್ಕೆ ವಿರುದ್ಧವಾಗಿ. ಇವಕ್ಕೆ ಮೇಲ್ಮುಖ ಸ್ಪಿನ್, ಕೆಳಮುಖ ಸ್ಪಿನ್ ಎಂದು ಹೆಸರಿಡುವುದು ವಾಡಿಕೆ.

ತಾಮ್ರದಂಥ ಲೋಹದಲ್ಲಿ ಎರಡೂ ಬಗೆಯ ಇಲೆಕ್ಟ್ರಾನ್‌ಗಳು ಸಮವಾಗಿರುತ್ತವೆ, ಎರಡಕ್ಕೂ ಅಡಚಣೆ ಒಂದೇ. ಆದ್ದರಿಂದ ಸಾಮಾನ್ಯ ಮಂಡಲದಲ್ಲಿ ಸ್ಪಿನ್‌ನ ಸುದ್ದಿಯೇ ಬರುವುದಿಲ್ಲ. ಕಬ್ಬಿಣ, ಕೋಬಾಲ್ಟ್, ನಿಕ್ಕಲ್‌ಗಳ ಕಥೆ ಬೇರೆ. ಇವುಗಳಲ್ಲಿ ಅಕ್ಕಪಕ್ಕದ ಪರಮಾಣುಗಳ ಸ್ಪಿನ್‌ಗಳು ಒಂದಕ್ಕೊಂದು ಹೊಂದಿಕೊಂಡು ಒಂದೇ ದಿಕ್ಕಿಗೆ ನಿಲ್ಲುತ್ತವೆ. ಕಬ್ಬಿಣದಲ್ಲಿ ಈ ಹೊಂದಾಣಿಕೆ ಸುಮಾರು 770 ಡಿಗ್ರಿ ಸೆಲ್ಸಿಯಸ್‌ವರೆಗೂ ಉಳಿಯುತ್ತದೆ. ಹೀಗೆ ಸಾಲುಗಟ್ಟಿದ ಲೋಹದೊಳಗೆ ಸಾಗುವಾಗ ಒಂದು ಬಗೆಯ ಸ್ಪಿನ್ ಇರುವ ಇಲೆಕ್ಟ್ರಾನ್‌ಗಳಿಗೆ ಅಡಚಣೆ ಕಡಿಮೆ, ಇನ್ನೊಂದು ಬಗೆಯವಕ್ಕೆ ಹೆಚ್ಚು. 1936ರಲ್ಲಿ ನೆವಿಲ್ ಮಾಟ್ ಇದನ್ನು ವಿವರಿಸುತ್ತ, ಇಂಥ ಲೋಹದಲ್ಲಿ ಎರಡು ಪ್ರವಾಹಗಳು ಸಮಾಂತರವಾಗಿ ಹರಿಯುತ್ತವೆ ಎಂದು ಭಾವಿಸಬಹುದೆಂದು ತೋರಿಸಿದರು. ನಮ್ಮ ಪಾಠದ ಬೀಜ ಈ ಮಾತಿನಲ್ಲಿದೆ.

ಫೆರ್ಟ್ ತಂಡ ಸುಮಾರು 3 ನ್ಯಾನೋಮೀಟರ್ ದಪ್ಪದ ಕಬ್ಬಿಣದ ಪದರ, ಅದರ ಮೇಲೆ ಸುಮಾರು 0.9 ನ್ಯಾನೋಮೀಟರ್ ದಪ್ಪದ ಕ್ರೋಮಿಯಂ ಪದರ, ಮತ್ತೆ ಕಬ್ಬಿಣ, ಮತ್ತೆ ಕ್ರೋಮಿಯಂ ಎಂದು ಹತ್ತಾರು ಪದರಗಳನ್ನು ಪೇರಿಸಿತು. ನ್ಯಾನೋಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗ. 0.9 ನ್ಯಾನೋಮೀಟರ್ ಕ್ರೋಮಿಯಂನಲ್ಲಿ ಪರಮಾಣುಗಳ ಸುಮಾರು ಆರು ಸಾಲು ಮಾತ್ರ ಇರುತ್ತವೆ. ಇಷ್ಟು ತೆಳುವಾದ ಕ್ರೋಮಿಯಂ ನಡುವೆ ಇದ್ದಾಗ ಎರಡೂ ಬದಿಯ ಕಬ್ಬಿಣದ ಪದರಗಳು ತಮ್ಮಷ್ಟಕ್ಕೆ ವಿರುದ್ಧ ದಿಕ್ಕಿಗೆ ಕಾಂತೀಕರಣಗೊಳ್ಳುತ್ತವೆ ಎಂಬುದನ್ನು ಗ್ರುನ್‌ಬರ್ಗ್ 1986ರಲ್ಲೇ ತೋರಿಸಿದ್ದರು. ಹೊರಗಿನಿಂದ ಬಲವಾದ ಕಾಂತಕ್ಷೇತ್ರ ಕೊಟ್ಟರೆ ಎಲ್ಲ ಪದರಗಳೂ ಒಂದೇ ದಿಕ್ಕಿಗೆ ತಿರುಗುತ್ತವೆ. 4.2 ಕೆಲ್ವಿನ್ ತಾಪದಲ್ಲಿ, ಸುಮಾರು 2 ಟೆಸ್ಲಾ ಕ್ಷೇತ್ರದಲ್ಲಿ ಫೆರ್ಟ್ ಅವರ ಪದರಗಳ ರೋಧ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಗ್ರುನ್‌ಬರ್ಗ್ ಅವರು ಬಳಸಿದ್ದು ಕಬ್ಬಿಣ, ಕ್ರೋಮಿಯಂ, ಕಬ್ಬಿಣ ಎಂಬ ಮೂರೇ ಪದರ. ಕೋಣೆಯ ತಾಪದಲ್ಲಿ ಅವರಿಗೆ ಸಿಕ್ಕ ವ್ಯತ್ಯಾಸ ಸುಮಾರು 1.5%. ಕಾಂತಕ್ಷೇತ್ರದಿಂದ ಕಬ್ಬಿಣದ ರೋಧ ಅತ್ಯಲ್ಪ ಬದಲಾಗುತ್ತದೆ ಎಂಬುದು 1850ರ ದಶಕದಲ್ಲಿ ಲಾರ್ಡ್ ಕೆಲ್ವಿನ್ ಅವರ ಕಾಲದಿಂದಲೂ ತಿಳಿದಿತ್ತು. ಅದಕ್ಕೆ ಹೋಲಿಸಿದರೆ ಇದು ಬಹಳ ದೊಡ್ಡದು. ‘ದೈತ್ಯ’ ಎಂಬ ಹೆಸರು ಬಂದದ್ದು ಅದಕ್ಕೇ.

ಚಟುವಟಿಕೆ 1: ಕಾಗದದ ಮೇಲೆ ಲೆಕ್ಕ

ಕಪ್ಪುಹಲಗೆಯ ಮೇಲೆ ಎರಡು ಚೌಕ ಬರೆದು ಒಂದೊಂದರಲ್ಲೂ ಮೇಲ್ಮುಖ ಬಾಣ ಹಾಕಬೇಕು. ಇವು ಎರಡು ಕಾಂತೀಯ ಪದರಗಳು. ಪದರದ ಬಾಣ ಮತ್ತು ಇಲೆಕ್ಟ್ರಾನಿನ ಬಾಣ ಒಂದೇ ದಿಕ್ಕಿಗಿದ್ದರೆ ಅಡಚಣೆ 1 ಓಮ್, ವಿರುದ್ಧವಾಗಿದ್ದರೆ 3 ಓಮ್ ಎಂಬ ನಿಯಮ ಹೇಳಬೇಕು. ನಿಜವಾದ ಲೋಹಗಳಲ್ಲಿ ಯಾವ ಬಗೆಯ ಇಲೆಕ್ಟ್ರಾನಿಗೆ ದಾರಿ ಸಲೀಸು ಎಂಬುದು ಜೊತೆಗಿರುವ ಲೋಹಗಳ ಮೇಲೆ ಹೋಗುತ್ತದೆ. ಕೆಲವು ಜೋಡಿಗಳಲ್ಲಿ ಈ ನಿಯಮ ತಿರುವುಮುರುವಾಗುತ್ತದೆ. ಎರಡೂ ಪದರ ಒಂದೇ ಲೋಹದ್ದಾಗಿದ್ದರೆ ಅದರಿಂದ ಒಟ್ಟು ಲೆಕ್ಕಕ್ಕೆ ವ್ಯತ್ಯಾಸವಿಲ್ಲ.

ಬಾಣಗಳು ಒಂದೇ ದಿಕ್ಕಿಗಿದ್ದಾಗ:
ಮೇಲ್ಮುಖ ಇಲೆಕ್ಟ್ರಾನ್‌ಗಳ ದಾರಿ: 1 + 1 = 2 ಓಮ್
ಕೆಳಮುಖ ಇಲೆಕ್ಟ್ರಾನ್‌ಗಳ ದಾರಿ: 3 + 3 = 6 ಓಮ್
ಎರಡೂ ಸಮಾಂತರ: (2 × 6) ÷ (2 + 6) = 1.5 ಓಮ್

ಎರಡನೆಯ ಬಾಣವನ್ನು ಕೆಳಗೆ ತಿರುಗಿಸಿದಾಗ:
ಮೇಲ್ಮುಖ ಇಲೆಕ್ಟ್ರಾನ್‌ಗಳ ದಾರಿ: 1 + 3 = 4 ಓಮ್
ಕೆಳಮುಖ ಇಲೆಕ್ಟ್ರಾನ್‌ಗಳ ದಾರಿ: 3 + 1 = 4 ಓಮ್
ಎರಡೂ ಸಮಾಂತರ: (4 × 4) ÷ (4 + 4) = 2 ಓಮ್

ರೋಧ 1.5ರಿಂದ 2 ಓಮ್‌ಗೆ ಏರಿತು, ಅಂದರೆ ಸುಮಾರು 33% ಹೆಚ್ಚಳ. ಇಲ್ಲಿ ಅವಸರ ಮಾಡದೆ ಮಕ್ಕಳಿಗೆ ಒಂದು ಪ್ರಶ್ನೆ ಹಾಕಬೇಕು: “ಹೊಸ ರೋಧಕ ಸೇರಿಸಲಿಲ್ಲ, ಇದ್ದದ್ದನ್ನು ತೆಗೆಯಲೂ ಇಲ್ಲ. ಹಾಗಾದರೆ ರೋಧ ಹೆಚ್ಚಾದದ್ದು ಹೇಗೆ?” ಮೊದಲ ಜೋಡಣೆಯಲ್ಲಿ ಒಂದು ಬಗೆಯ ಇಲೆಕ್ಟ್ರಾನ್‌ಗಳಿಗೆ ಎಲ್ಲೂ ಅಡ್ಡಿಯಿಲ್ಲದ ದಾರಿ ಇತ್ತು. ಪ್ರವಾಹದ ಬಹುಪಾಲು ಆ ದಾರಿಯಲ್ಲೇ ಹರಿಯಿತು. ಎರಡನೆಯ ಜೋಡಣೆಯಲ್ಲಿ ಎರಡೂ ಬಗೆಯವು ಎಲ್ಲಾದರೂ ಒಂದು ಕಡೆ ಅಡ್ಡಿಗೆ ಸಿಕ್ಕೇ ಸಿಗುತ್ತವೆ. ಸಮಾಂತರ ಜೋಡಣೆಯ ಒಟ್ಟು ರೋಧ ಅತಿ ಚಿಕ್ಕ ರೋಧಕ್ಕಿಂತಲೂ ಚಿಕ್ಕದು ಎಂಬ ನಿಯಮವನ್ನು ಮಕ್ಕಳು ಬಾಯಿಪಾಠ ಮಾಡಿರುತ್ತಾರೆ. ಅದರ ಅರ್ಥ ತಿಳಿಯುವ ಜಾಗ ಇದು.

ಚಟುವಟಿಕೆ 2: ರಟ್ಟಿನ ಮಾದರಿ

ಸಾಮಗ್ರಿ: 100 ಓಮ್‌ನ ಎರಡು ರೋಧಕ (ಕಂದು, ಕಪ್ಪು, ಕಂದು ಪಟ್ಟಿ), 330 ಓಮ್‌ನ ಎರಡು ರೋಧಕ (ಕಿತ್ತಳೆ, ಕಿತ್ತಳೆ, ಕಂದು ಪಟ್ಟಿ), ಅಂಗೈಯಗಲದ ಎರಡು ರಟ್ಟು, ಎರಡೂ ತುದಿಗೆ ಕ್ಲಿಪ್ ಇರುವ ತಂತಿಗಳು, ಮಲ್ಟಿಮೀಟರ್.

ಪ್ರತಿ ರಟ್ಟಿನ ಮೇಲೂ ಮೇಲ್ಭಾಗದಲ್ಲಿ 100 ಓಮ್, ಕೆಳಭಾಗದಲ್ಲಿ 330 ಓಮ್ ರೋಧಕವನ್ನು ಅಡ್ಡವಾಗಿ ಅಂಟಿಸಿ, ನಡುವೆ ಮೇಲ್ಮುಖ ಬಾಣ ಬರೆಯಬೇಕು. ರೋಧಕಗಳ ಕಾಲುಗಳು ರಟ್ಟಿನ ಎಡಕ್ಕೂ ಬಲಕ್ಕೂ ಚಾಚಿರಲಿ. ರಟ್ಟುಗಳನ್ನು ಪಕ್ಕಪಕ್ಕ ಇಟ್ಟು, ಮೊದಲ ರಟ್ಟಿನ ಮೇಲಿನ ರೋಧಕವನ್ನು ಎರಡನೆಯದರ ಮೇಲಿನ ರೋಧಕಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕ್ಲಿಪ್ ತಂತಿಯಿಂದ ಜೋಡಿಸಬೇಕು. ಎಡತುದಿಯ ಎರಡು ಕಾಲುಗಳನ್ನು ಒಟ್ಟುಗೂಡಿಸಬೇಕು, ಬಲತುದಿಯ ಎರಡನ್ನೂ ಹಾಗೆಯೇ. ಈ ಎರಡು ತುದಿಗಳ ನಡುವೆ ಮಲ್ಟಿಮೀಟರಿನಿಂದ ರೋಧ ಅಳೆಯಬೇಕು. ತುದಿಗಳನ್ನು ಬೆಸುಗೆ ಹಾಕಬಾರದು, ರಟ್ಟನ್ನು ತಿರುಗಿಸಬೇಕಾಗುತ್ತದೆ.

ಹಂತ 1: ಎರಡೂ ಬಾಣ ಮೇಲಕ್ಕೆ. ದಾರಿಗಳು 200 ಮತ್ತು 660 ಓಮ್. ಒಟ್ಟು ರೋಧ ಸುಮಾರು 153 ಓಮ್.

ಹಂತ 2: ಎರಡನೆಯ ರಟ್ಟಿನ ಕ್ಲಿಪ್‌ಗಳನ್ನು ಬಿಡಿಸಿ, ರಟ್ಟನ್ನು ಮೇಜಿನ ಮೇಲೆಯೇ ಅರ್ಧ ಸುತ್ತು ತಿರುಗಿಸಿ ಮತ್ತೆ ಜೋಡಿಸಬೇಕು. ಬಾಣ ಕೆಳಮುಖವಾಯಿತು, 330 ಓಮ್ ಮೇಲಕ್ಕೆ ಬಂತು. ದಾರಿಗಳು 430 ಮತ್ತು 430 ಓಮ್. ಒಟ್ಟು ರೋಧ 215 ಓಮ್. ಹೆಚ್ಚಳ ಸುಮಾರು 40%.

ಹಂತ 3: ರಟ್ಟುಗಳನ್ನು ಹಂತ 2ರಲ್ಲಿದ್ದಂತೆಯೇ ಬಿಟ್ಟು, ಎರಡು ರಟ್ಟುಗಳ ನಡುವೆ ಮೇಲಿನ ದಾರಿಯನ್ನೂ ಕೆಳಗಿನ ದಾರಿಯನ್ನೂ ಒಂದು ತಂತಿಯಿಂದ ಸೇರಿಸಬೇಕು. ಮಲ್ಟಿಮೀಟರ್ 215ರಿಂದ ಮತ್ತೆ ಸುಮಾರು 153ಕ್ಕೆ ಇಳಿಯುತ್ತದೆ.

ಈಗ ಬಾಣವನ್ನು ಯಾವ ಕಡೆ ತಿರುಗಿಸಿದರೂ 153 ಅಲುಗುವುದಿಲ್ಲ. ಮಂಡಲ ಈಗ 100 ಮತ್ತು 330ರ ಎರಡು ಸಮಾಂತರ ಜೋಡಿಗಳ ಸರಣಿಯಾಗಿದೆ: 76.7 + 76.7. ಒಂದು ಜೋಡಿಯಲ್ಲಿ ಮೇಲಿನದು ಯಾವುದು, ಕೆಳಗಿನದು ಯಾವುದು ಎಂಬುದಕ್ಕೆ ಇನ್ನು ಬೆಲೆಯಿಲ್ಲ.

ರೋಧಕಗಳ ಬೆಲೆಯಲ್ಲಿ 5% ಹೆಚ್ಚುಕಡಿಮೆ ಇರುವುದರಿಂದ ಗುಂಪಿನಿಂದ ಗುಂಪಿಗೆ ಅಳತೆ ಸ್ವಲ್ಪ ಬದಲಾಗುತ್ತದೆ. 40% ಎಂಬುದು ನಾವು ಆಯ್ದ ರೋಧಕಗಳ ಫಲ, ಯಾವುದೇ ಲೋಹದ ಗುಣವಲ್ಲ ಎಂಬುದನ್ನೂ ಮಕ್ಕಳಿಗೆ ಹೇಳಬೇಕು.

ಮೂರನೆಯ ಹಂತ ಏಕೆ ಮುಖ್ಯ

ಮೊದಲ ಎರಡು ಹಂತಗಳಲ್ಲಿ ಪಾಠ ನಿಲ್ಲಿಸಿದರೆ ಮಕ್ಕಳಿಗೆ ಒಂದು ಚಮತ್ಕಾರ ತೋರಿಸಿದಂತಾಗುತ್ತದೆ. ‘ನ್ಯಾನೋ’ ಎಂಬ ಪದ ಮಾತ್ರ ಬರಿಯ ಅಲಂಕಾರವಾಗಿ ಉಳಿಯುತ್ತದೆ. ಪದರ ತೆಳುವಾಗಿರಬೇಕು ಏಕೆ ಎಂಬುದಕ್ಕೆ ಉತ್ತರ ನಡುವಿನ ಆ ಒಂದು ತಂತಿಯಲ್ಲಿದೆ.

ಲೋಹದೊಳಗೆ ಇಲೆಕ್ಟ್ರಾನ್ ನೇರವಾಗಿ ಓಡುವುದಿಲ್ಲ. ಕೋಣೆಯ ತಾಪದಲ್ಲಿ ತಾಮ್ರದೊಳಗೆ ಎರಡು ಢಿಕ್ಕಿಗಳ ನಡುವೆ ಅದು ಸರಾಸರಿ ಸುಮಾರು 40 ನ್ಯಾನೋಮೀಟರ್ ಸಾಗುತ್ತದೆ. ಬಹುತೇಕ ಢಿಕ್ಕಿಗಳಲ್ಲಿ ಚಲನೆಯ ದಿಕ್ಕು ಬದಲಾದರೂ ಸ್ಪಿನ್ ಹಾಗೆಯೇ ಉಳಿಯುತ್ತದೆ. ಆದರೆ ಬಹಳ ದೂರ ಅಲೆದರೆ ಎಲ್ಲೋ ಒಂದು ಕಡೆ ಸ್ಪಿನ್ ತಿರುಗಿಬಿಡುತ್ತದೆ. ಮೇಲ್ಮುಖವಾಗಿ ಹೊರಟದ್ದು ಕೆಳಮುಖವಾಗುತ್ತದೆ, ಎರಡು ದಾರಿಗಳು ಬೆರೆತುಹೋಗುತ್ತವೆ. ನಮ್ಮ ಮಾದರಿಯ ಅಡ್ಡತಂತಿ ಮಾಡಿದ್ದು ಇದನ್ನೇ. ಮೊದಲ ಪದರದ ಗುರುತನ್ನು ಮರೆಯುವ ಮೊದಲೇ ಇಲೆಕ್ಟ್ರಾನ್ ಎರಡನೆಯ ಪದರವನ್ನು ಮುಟ್ಟಬೇಕು. ಅದಕ್ಕೇ ಪದರಗಳು ಅಷ್ಟು ತೆಳು. ಮೀಟರುದ್ದದ ತಾಮ್ರದ ತಂತಿಯ ಎರಡು ತುದಿಗೆ ಎರಡು ಕಬ್ಬಿಣದ ತುಂಡು ಜೋಡಿಸಿ ಜಿಎಂಆರ್ ಹುಡುಕಿದರೆ ಸಿಗದಿರುವುದಕ್ಕೆ ಕಾರಣವೂ ಇದೇ.

ಈ ಹಂತದಲ್ಲಿ ನಮ್ಮ ತರಗತಿಯ ಒಬ್ಬ ಹುಡುಗ “ಮೇಡಂ, ಹಾಗಾದ್ರೆ ಇಲೆಕ್ಟ್ರಾನ್‌ಗೆ ನೆನಪಿರತ್ತಾ?” ಎಂದು ಕೇಳಿದ. ಪ್ರಶ್ನೆಯನ್ನು ತಳ್ಳಿಹಾಕದೆ, “ನೆನಪು ಅಂದರೆ ಇಲ್ಲಿ ಏನು ಅಂತ ನೀನೇ ರಟ್ಟಿನ ಮೇಲೆ ತೋರಿಸು” ಎಂದೆ. ಅವನು ಅಡ್ಡತಂತಿಯನ್ನು ತೆಗೆದು ಹಿಡಿದು, “ಇದಿಲ್ಲದೆ ಇರೋದು” ಎಂದ. ಇದಕ್ಕಿಂತ ಸರಿಯಾದ ಉತ್ತರ ನನಗೂ ತಿಳಿದಿಲ್ಲ.

ತಪ್ಪು ಕಲ್ಪನೆಗಳು

ಕಾಂತವು ವಿದ್ಯುತ್ತನ್ನು ತಡೆಯುತ್ತದೆ: ಮಕ್ಕಳ ಮೊದಲ ಊಹೆ ಸಾಮಾನ್ಯವಾಗಿ ಇದೇ. ಫೆರ್ಟ್ ಪ್ರಯೋಗದಲ್ಲಿ ಆದದ್ದು ಇದರ ವಿರುದ್ಧ, ಕಾಂತಕ್ಷೇತ್ರ ಕೊಟ್ಟಾಗ ರೋಧ ಇಳಿಯಿತು. ನಿರ್ಣಾಯಕವಾದದ್ದು ಕ್ಷೇತ್ರ ಇದೆಯೋ ಇಲ್ಲವೋ ಎಂಬುದಲ್ಲ, ಎರಡು ಪದರಗಳ ದಿಕ್ಕು ಒಂದಕ್ಕೊಂದು ಹೇಗಿದೆ ಎಂಬುದು. ರಟ್ಟುಗಳೆರಡನ್ನೂ ತಲೆಕೆಳಗು ಮಾಡಿ ಅಳೆದು ತೋರಿಸಿದರೆ ಸಾಕು, 153 ಓಮ್ ಹಾಗೆಯೇ ಉಳಿಯುತ್ತದೆ.

ಸ್ಪಿನ್ ಎಂದರೆ ಬುಗುರಿಯಂತೆ ಸುತ್ತುವುದು: ಗಿರಕಿ ಎಂಬ ಪದ ಕೇಳಿದೊಡನೆ ಮಕ್ಕಳ ಕಣ್ಣಿಗೆ ಬುಗುರಿ ಬರುತ್ತದೆ. ಬುಗುರಿಯನ್ನು ಯಾವ ವೇಗದಲ್ಲಾದರೂ ಸುತ್ತಿಸಬಹುದು, ನಿಲ್ಲಿಸಲೂಬಹುದು. ಇಲೆಕ್ಟ್ರಾನಿನ ಸ್ಪಿನ್ ಹೆಚ್ಚಾಗುವುದಿಲ್ಲ, ಕಡಿಮೆಯಾಗುವುದಿಲ್ಲ, ನಿಲ್ಲುವುದೂ ಇಲ್ಲ. ಆದ್ದರಿಂದ ಹತ್ತನೆಯ ತರಗತಿಯಲ್ಲಿ ‘ಇಲೆಕ್ಟ್ರಾನಿನೊಳಗಿನ ಪುಟ್ಟ ಬಾಣ’ ಎಂಬ ಹೋಲಿಕೆ ಹೆಚ್ಚು ಸುರಕ್ಷಿತ. ಬಾಣ ಏನನ್ನೂ ಸುತ್ತುವುದಿಲ್ಲ, ದಿಕ್ಕನ್ನಷ್ಟೇ ಹೇಳುತ್ತದೆ.

ಎರಡು ದಾರಿ ಎಂದರೆ ಎರಡು ತಂತಿ: ಮಾದರಿಯಲ್ಲಿ ದಾರಿಗಳು ಮೇಲೆ ಕೆಳಗೆ ಬೇರೆಯಾಗಿ ಕಾಣುತ್ತವೆ. ಲೋಹದಲ್ಲಿ ಎರಡೂ ಬಗೆಯ ಇಲೆಕ್ಟ್ರಾನ್‌ಗಳು ಒಂದೇ ಜಾಗದಲ್ಲಿ ಬೆರೆತು ಹರಿಯುತ್ತವೆ, ಬೇರೆಯಾಗಿರುವುದು ಅವುಗಳ ಲೆಕ್ಕ ಮಾತ್ರ. ಇನ್ನೊಂದು ಮಿತಿಯನ್ನು ಶಿಕ್ಷಕರು ತಿಳಿದಿರಬೇಕು. ಮಾದರಿಯಲ್ಲಿ ಪ್ರವಾಹ ಒಂದು ಪದರದಿಂದ ಇನ್ನೊಂದಕ್ಕೆ ನೇರವಾಗಿ ದಾಟುತ್ತದೆ. 1988ರ ಪ್ರಯೋಗಗಳಲ್ಲಿ ಪ್ರವಾಹ ಹರಿದದ್ದು ಪದರಗಳ ಉದ್ದಕ್ಕೂ. ಆದರೂ ಇಲೆಕ್ಟ್ರಾನ್‌ಗಳು ಓರೆಯಾಗಿ ಅಲೆಯುತ್ತ ಪದರದಿಂದ ಪದರಕ್ಕೆ ದಾಟುತ್ತಲೇ ಇರುವುದರಿಂದ ಫಲ ಇದೇ ಬಗೆಯದು.

ಪುಸ್ತಕದ ನಿಯಮ ಸುಳ್ಳೇ?

“ಮೇಡಂ, ಹಾಗಾದ್ರೆ ಪುಸ್ತಕದಲ್ಲಿರೋದು ತಪ್ಪಾ? ನಾಲ್ಕೇ ಅಂಶ ಅಂತ ಬರ್ದಿದೆಯಲ್ಲ” ಎಂಬ ಪ್ರಶ್ನೆ ಈ ಪಾಠದಲ್ಲಿ ಬಂದೇ ಬರುತ್ತದೆ. ಬರದಿದ್ದರೆ ನಾವೇ ಎತ್ತಬೇಕು. ನನ್ನ ಮಟ್ಟಿಗೆ ಇಡೀ ಪಾಠದ ತೂಕ ಇಲ್ಲಿದೆ. ‘ಪುಸ್ತಕ ತಪ್ಪು’ ಎಂದರೆ ಪರೀಕ್ಷೆಗೆ ಓದುವ ಮಗುವಿನ ಕಾಲ ಕೆಳಗಿನ ನೆಲ ಜಾರುತ್ತದೆ. ‘ಅದೆಲ್ಲ ಮುಂದೆ ಕಲಿಯುತ್ತೀರಿ’ ಎಂದು ತಪ್ಪಿಸಿಕೊಂಡರೆ, ಪ್ರಶ್ನೆ ಕೇಳುವುದು ವ್ಯರ್ಥ ಎಂಬ ಪಾಠವನ್ನು ಮಗು ಕಲಿಯುತ್ತದೆ.

ಇವೆರಡರ ನಡುವೆ ಒಂದು ದಾರಿಯಿದೆ. ಓಮ್‌ನ ನಿಯಮ ಇಲ್ಲಿಯೂ ಮುರಿದಿಲ್ಲ. ಬಾಣಗಳು ಒಂದೇ ಸ್ಥಿತಿಯಲ್ಲಿರುವವರೆಗೆ ವಿಭವಾಂತರ ಎರಡರಷ್ಟಾದರೆ ಪ್ರವಾಹವೂ ಎರಡರಷ್ಟಾಗುತ್ತದೆ. ಪುಸ್ತಕದ ಪಟ್ಟಿ ಒಂದೇ ವಸ್ತುವಿನಿಂದಾದ ಸಾಮಾನ್ಯ ತಂತಿಗೆ ಸರಿ, ಏಕೆಂದರೆ ಅಲ್ಲಿ ಎರಡು ದಾರಿಗಳೂ ಸಮ. ‘ವಸ್ತುವಿನ ಸ್ವಭಾವ’ ಎಂಬ ಮೂರನೆಯ ಅಂಶವನ್ನು ಬಿಡಿಸಿ ನೋಡಿದಾಗ ಅದರೊಳಗೆ ಸ್ಪಿನ್‌ಗಳ ಹೊಂದಾಣಿಕೆಯೂ ಸೇರಿದೆ ಎಂದು 1936ರಿಂದ 1988ರವರೆಗಿನ ಕೆಲಸ ತೋರಿಸಿತು. ನಿಯಮ ಸುಳ್ಳಾಗಲಿಲ್ಲ, ಅದರ ಎಲ್ಲೆ ಎಲ್ಲಿದೆ ಎಂಬುದು ಗೊತ್ತಾಯಿತು. ಪ್ರತಿ ನಿಯಮದ ಪಕ್ಕದಲ್ಲಿ ‘ಯಾವಾಗ?’ ಎಂದು ಬರೆದುಕೊಳ್ಳುವ ಅಭ್ಯಾಸ ಒಂದಿಬ್ಬರು ಮಕ್ಕಳಿಗೆ ಬಂದರೂ ಎರಡು ಅವಧಿ ವ್ಯರ್ಥವಾಗುವುದಿಲ್ಲ.

ವಿಸ್ತರಣೆ: ಎಲ್ಲಿ ಬಳಕೆಯಾಗುತ್ತದೆ

ಹಾರ್ಡ್ ಡಿಸ್ಕ್‌ನಲ್ಲಿ ಮಾಹಿತಿ ಇರುವುದು ಸಣ್ಣ ಸಣ್ಣ ಕಾಂತೀಯ ಗುರುತುಗಳ ರೂಪದಲ್ಲಿ. ಅದನ್ನು ಓದುವ ಭಾಗದಲ್ಲಿ ಒಂದು ಪದರದ ದಿಕ್ಕನ್ನು ಅಲುಗದಂತೆ ಕಟ್ಟಿಹಾಕಿ, ಇನ್ನೊಂದನ್ನು ಸಡಿಲವಾಗಿ ಬಿಟ್ಟಿರುತ್ತಾರೆ. ಡಿಸ್ಕ್ ತಿರುಗುವಾಗ ಗುರುತುಗಳಿಂದ ಹೊಮ್ಮುವ ಕ್ಷೇತ್ರಕ್ಕೆ ಸಡಿಲವಾದ ಪದರ ತಿರುಗುತ್ತದೆ, ರೋಧ ಏರಿಳಿಯುತ್ತದೆ, ಆ ಏರಿಳಿತವೇ ಮಾಹಿತಿ. ‘ಸ್ಪಿನ್ ವಾಲ್ವ್’ ಎಂಬ ಈ ರಚನೆ ಐಬಿಎಂ ಸಂಸ್ಥೆಯ ಪ್ರಯೋಗಾಲಯದಲ್ಲಿ 1991ರ ಹೊತ್ತಿಗೆ ರೂಪುಗೊಂಡಿತು. 1997ರಲ್ಲಿ ಇಂಥ ಓದುಭಾಗವಿದ್ದ 16.8 ಗಿಗಾಬೈಟ್‌ಗಳ ಹಾರ್ಡ್ ಡಿಸ್ಕ್ ಮಾರುಕಟ್ಟೆಗೆ ಬಂತು. ಶೋಧದಿಂದ ಬಳಕೆಗೆ ಒಂಬತ್ತೇ ವರ್ಷ. ಪೆನ್‌ಡ್ರೈವ್ ಮತ್ತು ಮೆಮೊರಿ ಕಾರ್ಡ್‌ಗಳಲ್ಲಿಯೂ ಇದೇ ಇದೆ ಎಂದು ಮಕ್ಕಳು ಊಹಿಸುತ್ತಾರೆ. ಅವು ಮಾಹಿತಿಯನ್ನು ವಿದ್ಯುದಾವೇಶದ ರೂಪದಲ್ಲಿ ಇಡುತ್ತವೆ, ಕಾಂತದಿಂದಲ್ಲ ಎಂದು ಬಿಡಿಸಿ ಹೇಳಬೇಕು.

ನಡುವಿನ ಲೋಹದ ಬದಲು ವಿದ್ಯುತ್ ಹರಿಯದ ಅವಾಹಕದ ಅತಿ ತೆಳು ಪದರ ಇಟ್ಟರೂ ಇಲೆಕ್ಟ್ರಾನ್‌ಗಳು ಸುರಂಗದಲ್ಲಿ ನುಸುಳಿದಂತೆ ಆಚೆ ದಾಟುತ್ತವೆ. ಆಗಲೂ ಎರಡು ಬದಿಯ ಕಾಂತೀಯ ದಿಕ್ಕಿನಂತೆ ರೋಧ ಬದಲಾಗುತ್ತದೆ. ಫ್ರಾನ್ಸಿನ ಮಿಷೆಲ್ ಜೂಲಿಯೇರ್ 1975ರಲ್ಲಿ ಅತಿ ಕಡಿಮೆ ತಾಪದಲ್ಲಿ ಇದನ್ನು ಕಂಡಿದ್ದರು. ಕೋಣೆಯ ತಾಪದಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ಸಿಕ್ಕಿದ್ದು 1995ರಲ್ಲಿ: ಜಪಾನಿನ ತೆರುನೊಬು ಮಿಯಾಜಾಕಿ ಅವರ ತಂಡಕ್ಕೆ, ಹಾಗೂ ಅಮೆರಿಕದ ಎಂಐಟಿಯಲ್ಲಿ ಜಗದೀಶ ಮೂಡೇರ ಅವರ ತಂಡಕ್ಕೆ. ಮೂಡೇರ ಅವರು ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನ ಓದಿದವರು. ಈ ಮಾತನ್ನು ತರಗತಿಯಲ್ಲಿ ಹೇಳುವುದು ಹೆಮ್ಮೆಗಾಗಿ ಮಾತ್ರವಲ್ಲ. ಇಂಥ ಕೆಲಸಕ್ಕೆ ಹೋದವರೂ ಸರಣಿ, ಸಮಾಂತರ ಲೆಕ್ಕಗಳನ್ನು ನಮ್ಮ ಸುತ್ತಿನ ಕಾಲೇಜುಗಳ ಬೆಂಚಿನ ಮೇಲೆ ಕೂತು ಮಾಡಿದವರೇ ಎಂದು ಮಕ್ಕಳಿಗೆ ತಿಳಿಯಲಿ.

ಮೌಲ್ಯಮಾಪನ

1. ಚಿಕ್ಕ ರೋಧ 1 ಓಮ್, ದೊಡ್ಡ ರೋಧ 5 ಓಮ್ ಆದರೆ ಎರಡೂ ಸ್ಥಿತಿಗಳಲ್ಲಿ ಒಟ್ಟು ರೋಧ ಎಷ್ಟು? ಶೇಕಡಾ ಹೆಚ್ಚಳ ಎಷ್ಟು? (ಉತ್ತರ: ಸುಮಾರು 1.67 ಓಮ್, 3 ಓಮ್, 80%)
2. ಚಿಕ್ಕ ರೋಧ, ದೊಡ್ಡ ರೋಧ ಎರಡೂ 2 ಓಮ್ ಆದರೆ ಬಾಣ ತಿರುಗಿಸಿದಾಗ ಏನಾಗುತ್ತದೆ? ಈ ಸ್ಥಿತಿ ಯಾವ ಬಗೆಯ ಲೋಹವನ್ನು ಹೋಲುತ್ತದೆ?
3. ಚಟುವಟಿಕೆ 2ರ ಅಡ್ಡತಂತಿ ನಿಜವಾದ ಲೋಹದಲ್ಲಿ ಯಾವುದನ್ನು ಪ್ರತಿನಿಧಿಸುತ್ತದೆ?
4. ಎರಡೂ ರಟ್ಟುಗಳನ್ನು ಒಟ್ಟಿಗೆ ತಿರುಗಿಸಿದರೆ ರೋಧ ಬದಲಾಗುವುದಿಲ್ಲ. ಕಾರಣ ಕೊಡಿ.
5. ಈ ಮಾದರಿ ನಿಜವಾದ ಪದರಗಳಿಗಿಂತ ಎಲ್ಲಿ ಭಿನ್ನವಾಗಿದೆ? ಎರಡು ಅಂಶ ಬರೆಯಿರಿ.

ಸಹಪಾಠಿಗಳಿಗೆ ಸೂಚನೆ

ಒಂದೇ ಅವಧಿ ಸಿಕ್ಕರೆ ವಿಸ್ತರಣೆಯ ಭಾಗವನ್ನು ಬಿಡಬಹುದು. ಮೂರನೆಯ ಹಂತವನ್ನು ಬಿಡಬಾರದು. ಪ್ರತಿ ಅಳತೆಗೆ ಮೊದಲು ಮಕ್ಕಳು ತಮ್ಮ ಊಹೆಯನ್ನು ಬರೆದಿಡಲಿ, ಅದರಲ್ಲೂ ಅಡ್ಡತಂತಿ ಹಾಕುವ ಮುನ್ನ. ತಂತಿ ಸೇರಿಸಿದರೆ ರೋಧ ಇಳಿಯುತ್ತದೆ ಎಂದು ಕೆಲವರು ಸರಿಯಾಗಿ ಊಹಿಸುತ್ತಾರೆ, ಆದರೆ ಬಾಣದ ದಿಕ್ಕೇ ಅರ್ಥ ಕಳೆದುಕೊಳ್ಳುತ್ತದೆ ಎಂಬುದು ಅಳೆದ ಮೇಲೆಯೇ ಹೊಳೆಯುವ ವಿಷಯ. ಶಾಲೆಯಲ್ಲಿ ಒಂದೇ ಮಲ್ಟಿಮೀಟರ್ ಇದ್ದರೆ ರಟ್ಟುಗಳನ್ನು ಪ್ರತಿ ಗುಂಪಿಗೂ ಕೊಟ್ಟು, ಲೆಕ್ಕ ಮುಗಿಸಿದ ಗುಂಪು ಮೀಟರಿನ ಬಳಿ ಬಂದು ಅಳೆಯುವಂತೆ ಮಾಡಿ. ಲೆಕ್ಕ ಮತ್ತು ಅಳತೆ ಹತ್ತಿರ ಬಂದಾಗ ಆಗುವ ಸಂತೋಷವನ್ನು ಅವರಿಗೇ ಬಿಡಿ, ಉತ್ತರವನ್ನು ನಾವು ಮೊದಲೇ ಹಲಗೆಯ ಮೇಲೆ ಬರೆಯುವುದು ಬೇಡ.